ಸಾಗರದಲ್ಲಿ ಕೂತು ಸಮುದ್ರ ಹುಡುಕುವುದು: ಮುಳುಗಿದ ಸಬ್‌ಮರೀನಿನ ಜಾಡು ಹಿಡಿಯುವ ಕ್ರಮ

ಅಮೆರಿಕದ ಗ್ರೇಬ್ಯಾಕ್ ಸಬ್‌ಮರೀನು 1944ರ ಫೆಬ್ರುವರಿಯಲ್ಲಿ 80 ಜನರೊಂದಿಗೆ ಕಾಣೆಯಾಯಿತು. ಅದು ಓಕಿನಾವಾ ದ್ವೀಪದ ಆಗ್ನೇಯಕ್ಕೆ, ತೆರೆದ ಸಮುದ್ರದಲ್ಲಿ ಮುಳುಗಿದೆ ಎಂದೇ ಯುದ್ಧಾನಂತರದ ಅಧಿಕೃತ ಇತಿಹಾಸ ಹೇಳುತ್ತಿತ್ತು. ಜಪಾನಿ ದಾಖಲೆಯನ್ನು ಇಂಗ್ಲಿಷಿಗೆ ಇಳಿಸಿಕೊಳ್ಳುವಾಗ ರೇಖಾಂಶದ ಒಂದೇ ಒಂದು ಅಂಕಿ ತಪ್ಪಾಗಿತ್ತು. ಯುಟಾಕಾ ಇವಾಸಾಕಿ ಎಂಬ ಜಪಾನಿ ಸಂಶೋಧಕರು ಸಾಸೆಬೊ ನೌಕಾನೆಲೆಯ ಮೂಲ ಕಡತ ಓದಿದಾಗ ಜಾಗ ಸುಮಾರು 100 ಮೈಲಿ ಸರಿಯಿತು. 2019ರ ಜೂನ್‌ನಲ್ಲಿ ಓಕಿನಾವಾದ ದಕ್ಷಿಣಕ್ಕೆ, ಸುಮಾರು 1,400 ಅಡಿ ಆಳದಲ್ಲಿ ಅದು ಸಿಕ್ಕಿತು. ಶಬ್ದದ ಪ್ರತಿಧ್ವನಿಯಿಂದ ಸಮುದ್ರದ ತಳ ನೋಡುವ ಸೋನಾರ್ ಯಂತ್ರ ಹೊತ್ತು ಸಮುದ್ರಕ್ಕೆ ಇಳಿದ ತಂಡದ ಶ್ರಮ ದೊಡ್ಡದೇ. ಆದರೆ ಎಲ್ಲಿ ಇಳಿಯಬೇಕು ಎಂಬುದು ಕಾಗದದ ಮೇಲೆ ಮೊದಲೇ ತೀರ್ಮಾನವಾಗಿತ್ತು.

ಕಾಗದದ ಈ ಕೆಲಸಕ್ಕೆ ಹಡಗು ಬೇಡ, ಕರಾವಳಿಯೂ ಬೇಡ. ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಮನೆಯಲ್ಲಾದರೂ ಮಾಡಬಹುದು. ಬೇಕಾಗುವುದು 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ಕ್ಯೂಜಿಐಎಸ್ ನಕ್ಷೆ ತಂತ್ರಾಂಶ, ಅಗಲವಾದ ಒಂದು ಲೆಕ್ಕದ ಪುಸ್ತಕ. ಘಟ್ಟದ ಮೇಲಿನ ನೆಟ್‌ವರ್ಕ್ ನಂಬಿ ಕೂರಬೇಡಿ. ಸಮುದ್ರದ ಆಳ ತೋರಿಸುವ ಜೆಬ್ಕೊ ದತ್ತಾಂಶ, ಹಳೆಯ ನಕ್ಷೆಗಳ ಸ್ಕ್ಯಾನ್, ಉಪಗ್ರಹ ಚಿತ್ರ, ಇವೆಲ್ಲವನ್ನೂ ಮಳೆಗಾಲಕ್ಕೆ ಮುಂಚೆ ಶಿವಮೊಗ್ಗ ಪೇಟೆಯಲ್ಲಿ ಕೂತು ಇಳಿಸಿಟ್ಟುಕೊಳ್ಳಿ. ಜೂನ್ ಬಂದಮೇಲೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ.

ಮೊದಲ ಪಾಠ ಹಿನ್ನೀರಿನಲ್ಲಿ

ನೇರವಾಗಿ ಸಮುದ್ರಕ್ಕೆ ಹಾರಿದವರು ತಮ್ಮ ವಿಧಾನ ಸರಿಯೋ ತಪ್ಪೋ ತಿಳಿಯದೆಯೇ ವರ್ಷಗಟ್ಟಲೆ ಕಳೆಯುತ್ತಾರೆ. ಮಲೆನಾಡಿನವರಿಗೆ ಅಭ್ಯಾಸಕ್ಕೆ ಒಳ್ಳೆಯ ಜಾಗ ಮನೆ ಹತ್ತಿರವೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅದಕ್ಕಿಂತ ಹಳೆಯ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು ಹಿನ್ನೀರಿನಲ್ಲಿ ಮುಳುಗಿತು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ನೀರು ಚೆನ್ನಾಗಿ ಇಳಿದ ಬೇಸಿಗೆಯಲ್ಲಿ ಹಳೆಯ ಅಣೆಕಟ್ಟು ಮತ್ತೆ ಮೇಲೆ ಕಾಣುತ್ತದೆ. ಕಾಗದದಲ್ಲಿ ಹುಡುಕಿ ಆಮೇಲೆ ಕಣ್ಣಿನಲ್ಲಿ ಪರೀಕ್ಷಿಸಲು ಇದಕ್ಕಿಂತ ಅನುಕೂಲ ಎಲ್ಲಿ ಸಿಗಬೇಕು?

ಅಮೆರಿಕದ ಸೇನೆ 1950ರ ದಶಕದಲ್ಲಿ ಮುದ್ರಿಸಿದ ಭಾರತದ ಯು-502 ಸರಣಿಯ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿವೆ. ಪ್ರಮಾಣ 1:2,50,000, ಅಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ 250 ಮೀಟರ್. ಲಿಂಗನಮಕ್ಕಿ ಇಲ್ಲದ ಕಾಲದ ಶರಾವತಿಯ ಭಾಗವನ್ನು ಇಳಿಸಿಕೊಂಡು ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ತೆರೆಯಿರಿ. ಸ್ಕ್ಯಾನ್ ಚಿತ್ರವನ್ನು ನಿಜವಾದ ಅಕ್ಷಾಂಶ-ರೇಖಾಂಶಕ್ಕೆ ಜೋಡಿಸುವ ಸಾಧನ ಅದು. ಜೋಡಣೆಗೆ ಗುರುತಾಗುವ ನಿಯಂತ್ರಣ ಬಿಂದುಗಳನ್ನು ಅಕ್ಷಾಂಶ-ರೇಖಾಂಶದ ಗೆರೆಗಳು ಕೂಡುವಲ್ಲೇ ಇಡಿ. ಊರಿನ ಹೆಸರು ನೋಡಿ ಇಟ್ಟರೆ ಕೆಟ್ಟಿತು, ಯಾಕೆಂದರೆ ಹೆಸರು ಅಚ್ಚಾಗಿರುವ ಜಾಗವೇ ಊರು ಅಂತ ಏನೂ ಇಲ್ಲ, ಮೇಲಾಗಿ ಹಿನ್ನೀರಿಗೆ ಎದ್ದುಹೋದ ಊರುಗಳು ಅದೇ ಹೆಸರಿನಲ್ಲಿ ಬೇರೆಡೆ ನೆಲೆಸಿವೆ. ಆರು ಬಿಂದು ಕನಿಷ್ಠ, ಹತ್ತು ಇದ್ದರೆ ಒಳ್ಳೆಯದು. ಪಾಲಿನಾಮಿಯಲ್-1 ಆಯ್ಕೆ ಸಾಕು. 300 ಡಿಪಿಐ ಸ್ಕ್ಯಾನ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 21 ಮೀಟರ್ ಆಗುತ್ತದೆ. ಸರಾಸರಿ ದೋಷ ಐದು ಪಿಕ್ಸೆಲ್ ಮೀರಿದರೆ ಯಾವುದೋ ಬಿಂದು ತಪ್ಪಿದೆ ಎಂದೇ ಅರ್ಥ. ಅತಿ ದೊಡ್ಡ ದೋಷ ತೋರಿಸುವ ಬಿಂದು ಅಳಿಸಿ ಮತ್ತೆ ಇಡಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಭಾರತದ ಹಳೆಯ ನಕ್ಷೆಗಳು ಎವರೆಸ್ಟ್ ಎಂಬ ಭೂಮಾಪನ ಆಧಾರದ ಮೇಲಿವೆ, ಮೊಬೈಲ್ ಮತ್ತು ಉಪಗ್ರಹ ಬಳಸುವುದು ಡಬ್ಲ್ಯೂಜಿಎಸ್-84. ಅದೇ ಅಕ್ಷಾಂಶ-ರೇಖಾಂಶವನ್ನು ಒಂದರಿಂದ ಇನ್ನೊಂದಕ್ಕೆ ಹಾಗೆಯೇ ಒಯ್ದರೆ ನಮ್ಮ ಭಾಗದಲ್ಲಿ ಜಾಗ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ನಕ್ಷೆ ಜೋಡಿಸುವಾಗಲೇ ಆಧಾರವನ್ನು ಎವರೆಸ್ಟ್ ಎಂದು ಹೇಳಿ, ಪರಿವರ್ತನೆಯನ್ನು ತಂತ್ರಾಂಶಕ್ಕೆ ಬಿಡಿ.

ಈಗ ಹಳೆಯ ನಕ್ಷೆಯಲ್ಲಿ ಕಾಣುವ ಅಣೆಕಟ್ಟೆ, ಹೊಳೆಯ ತಿರುವು ಅಥವಾ ದಾರಿ, ಯಾವುದಾದರೂ ಒಂದನ್ನು ಗುರುತಿಸಿ ಅದರ ಸುತ್ತ 500 ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಮಳೆ ಕೈಕೊಟ್ಟ ವರ್ಷದ ನಂತರದ ಮೇ ತಿಂಗಳ ಸೆಂಟಿನೆಲ್-2 ಉಪಗ್ರಹ ಚಿತ್ರ ಇಳಿಸಿ. 10 ಮೀಟರ್ ಪಿಕ್ಸೆಲ್, ಉಚಿತ. ಹಸಿರು ಪಟ್ಟಿ ಮೂರನೆಯದು, ಅವಕೆಂಪಿನ ಪಟ್ಟಿ ಎಂಟನೆಯದು. ಹಸಿರಿನಿಂದ ಅವಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ನೀರಿಗೆ ಸಾಮಾನ್ಯವಾಗಿ ಸೊನ್ನೆಗಿಂತ ಮೇಲಿನ ಬೆಲೆ, ನೆಲಕ್ಕೆ ಕೆಳಗಿನದು ಬರುತ್ತದೆ. ಗುಡ್ಡದ ನೆರಳು ಕೆಲವೊಮ್ಮೆ ನೀರಿನ ಹಾಗೆ ಮೋಸ ಮಾಡುತ್ತದೆ. ಅನುಮಾನ ಬಂದರೆ ಎರಡು ಬೇರೆ ದಿನಾಂಕದ ಚಿತ್ರ ಹೋಲಿಸಿ. ನಿಮ್ಮ ವೃತ್ತದೊಳಗೆ ವಸ್ತು ಇದ್ದರೆ ಎಷ್ಟು ಮೀಟರ್, ಯಾವ ದಿಕ್ಕಿಗೆ ತಪ್ಪಿತು ಎಂದು ಬರೆದಿಡಿ. ವೃತ್ತದಿಂದ ಹೊರಗಿದ್ದರೆ ಯಾವ ಹೆಜ್ಜೆಯಲ್ಲಿ ತಪ್ಪಾಯಿತು ಎಂದು ಕಂಡುಕೊಂಡೇ ಮುಂದೆ ಹೋಗಬೇಕು.

ಯಾವ ಸಬ್‌ಮರೀನು?

ಆಗಲೇ ಸಿಕ್ಕಿರುವುದನ್ನು ಮೊದಲು ಹುಡುಕಿ. ಉತ್ತರ ಗೊತ್ತಿಲ್ಲ ಎಂದುಕೊಂಡು ಮೂಲ ದಾಖಲೆಯಿಂದಲೇ ಹೊರಟು, ಕೊನೆಗೆ ಪ್ರಕಟವಾದ ಜಾಗದೊಂದಿಗೆ ಹೋಲಿಸಬೇಕು. ಇದಕ್ಕೆ ಗ್ರೇಬ್ಯಾಕ್ ಒಳ್ಳೆಯದು. 1943ರ ಅಕ್ಟೋಬರ್ 11ರಂದು ಲಾ ಪೆರೂಸ್ ಜಲಸಂಧಿಯಲ್ಲಿ ಮುಳುಗಿ, 2006ರಲ್ಲಿ ಸುಮಾರು 65 ಮೀಟರ್ ಆಳದಲ್ಲಿ ಗುರುತಿಸಲ್ಪಟ್ಟ ಅಮೆರಿಕದ ವಾಹೂ ಇನ್ನೂ ಒಳ್ಳೆಯದು, ಯಾಕೆಂದರೆ ದಾಳಿ ಮಾಡಿದವರ ದಾಖಲೆ ಸ್ಪಷ್ಟವಾಗಿದೆ. ಆಸ್ಟ್ರೇಲಿಯಾದ ಎಇ-1 ಅನ್ನು ಆರಂಭದಲ್ಲಿ ಮುಟ್ಟಬೇಡಿ. 1914ರ ಸೆಪ್ಟೆಂಬರ್ 14ರಂದು 35 ಜನರೊಂದಿಗೆ ಕಾಣೆಯಾದ ಅದಕ್ಕೆ ಶತ್ರುವಿನ ದಾಖಲೆಯೂ ಇಲ್ಲ, ಬದುಕಿ ಬಂದವರೂ ಇಲ್ಲ. ಹನ್ನೆರಡು ಶೋಧ ವಿಫಲವಾಗಿ, ಹದಿಮೂರನೆಯದರಲ್ಲಿ, 2017ರ ಡಿಸೆಂಬರ್‌ನಲ್ಲಿ, ಪಪುವಾ ನ್ಯೂಗಿನಿಯ ಡ್ಯೂಕ್ ಆಫ್ ಯಾರ್ಕ್ ದ್ವೀಪಗಳ ಬಳಿ ಸಿಕ್ಕಿತು.

ಆಯ್ದ ಮೇಲೆ ಅದರ ಪೂರ್ತಿ ಸೇವಾ ಚರಿತ್ರೆ ಬರೆಯಿರಿ. ಯಾವ ಕಾರ್ಖಾನೆ, ಯಾವ ವರ್ಗ, ಎಷ್ಟು ಉದ್ದ, ಫಿರಂಗಿ ಇರುವುದು ಮೇಲಿನ ಗೋಪುರದ ಮುಂದೋ ಹಿಂದೋ, ಯಾವ ರಿಪೇರಿಯಲ್ಲಿ ಏನು ಬದಲಾಯಿತು. ಬೇಜಾರಿನ ಕೆಲಸ ಅನ್ನಿಸಿದರೂ ಕೊನೆಯಲ್ಲಿ ಗುರುತು ಹಿಡಿಯುವುದು ಇದರಿಂದಲೇ. 1971ರ ಯುದ್ಧದಲ್ಲಿ ವಿಶಾಖಪಟ್ಟಣದ ಹೊರಗೆ ಮುಳುಗಿದ ಪಾಕಿಸ್ತಾನದ ಘಾಜಿಯನ್ನೇ ನೋಡಿ. ಅದು ಮೂಲದಲ್ಲಿ ಅಮೆರಿಕದ ಟೆಂಚ್ ವರ್ಗದ ಡಯಾಬ್ಲೊ. 1944ರ ಡಿಸೆಂಬರ್ 1ರಂದು ನೀರಿಗಿಳಿದು, 1945ರ ಮಾರ್ಚ್ 31ರಂದು ಸೇವೆಗೆ ಸೇರಿ, 1964ರಲ್ಲಿ ಪಾಕಿಸ್ತಾನದ ನೌಕಾಪಡೆಗೆ ಬಂತು. ವಿಶಾಖಪಟ್ಟಣದ ಹೊರಗೆ ನೀರಿನಡಿಯ ಚಿತ್ರದಲ್ಲಿ ಅಮೆರಿಕನ್ ತಯಾರಕರ ಫಲಕ ಕಂಡರೆ, ಈ ಚರಿತ್ರೆ ಗೊತ್ತಿಲ್ಲದವನು ಅಮೆರಿಕದ ಯುದ್ಧಕಾಲದ ಹಡಗು ಎಂದೇ ಬರೆದುಬಿಡುತ್ತಾನೆ.

ದಾಖಲೆಗೆ ಎರಡೂ ಕಡೆ ಹೋಗಬೇಕು. ಅಮೆರಿಕದ ಸಬ್‌ಮರೀನುಗಳ ಗಸ್ತು ವರದಿಗಳು ಸ್ಕ್ಯಾನ್ ಆಗಿ ಉಚಿತವಾಗಿ ಸಿಗುತ್ತವೆ. ಜಪಾನಿನ ಕಡತಗಳಿಗೆ ಏಷ್ಯಾ ಚಾರಿತ್ರಿಕ ದಾಖಲೆಗಳ ಕೇಂದ್ರದ ಡಿಜಿಟಲ್ ಸಂಗ್ರಹ ಇದೆ. ಬ್ರಿಟಿಷ್ ಸಬ್‌ಮರೀನುಗಳ ಲಾಗ್ ಪುಸ್ತಕಗಳು ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ದಾಖಲೆಗಾರದಲ್ಲಿ ಎಡಿಎಂ-173 ಎಂಬ ಸರಣಿಯಲ್ಲಿವೆ. ನಮ್ಮ ರಾಷ್ಟ್ರೀಯ ಅಭಿಲೇಖಾಲಯದ ಕಡತಗಳನ್ನು ಅಭಿಲೇಖ ಪಟಲ ಪೋರ್ಟಲ್‌ನಲ್ಲಿ ಹುಡುಕಿ ನೋಡಬಹುದು. ಜಪಾನಿ ಬಾರದವರು ಫೋನಿನ ಅನುವಾದ ತಂತ್ರಾಂಶದಿಂದ ವಾಕ್ಯ ಓದಿದರೆ ಅಡ್ಡಿಯಿಲ್ಲ, ಅಂಕಿಗಳನ್ನು ಮಾತ್ರ ಅದಕ್ಕೆ ಬಿಡಬೇಡಿ. ಜಪಾನಿ ಲಿಪಿಯ ಒಂದರಿಂದ ಹತ್ತರವರೆಗಿನ ಅಂಕಿ ಕಲಿಯಲು ಒಂದು ಸಂಜೆ ಸಾಕು.

ಪುಸ್ತಕದಲ್ಲಿ ಮೂರು ಅಂಕಣ ಎಳೆದುಕೊಳ್ಳಿ: ದಾಖಲೆಯಲ್ಲಿ ಇದ್ದಹಾಗೆ, ನೀವು ಪರಿವರ್ತಿಸಿದ್ದು, ಯಾರು ಯಾವಾಗ ಬರೆದದ್ದು. ಮೊದಲ ಅಂಕಣವನ್ನು ಯಾವ ಕಾರಣಕ್ಕೂ ತಿದ್ದಬಾರದು. ಎದ್ದು ಕಾಣುವ ತಪ್ಪಿದ್ದರೂ ಹಾಗೆಯೇ ಇರಲಿ.

ಗಡಿಯಾರದ ಗೋಜಲು

ಹುಡುಕಾಟ ಕೆಡುವ ಅತಿ ಸಾಮಾನ್ಯ ಕಾರಣ ಇದು. ಜಪಾನಿ ನೌಕಾಪಡೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಟೋಕಿಯೊ ಸಮಯವನ್ನೇ ಬರೆಯುತ್ತಿತ್ತು, ಅಂದರೆ ಗ್ರೀನಿಚ್‌ಗಿಂತ 9 ಗಂಟೆ ಮುಂದೆ. ಅಮೆರಿಕದವರೂ ಬ್ರಿಟಿಷರೂ ಇರುವ ಜಾಗದ ವಲಯ ಸಮಯ ಬರೆಯುತ್ತಿದ್ದರು. ಬಂಗಾಳ ಕೊಲ್ಲಿಯಲ್ಲಿ ಬೆಳಗಿನ ಹತ್ತು ಗಂಟೆಗೆ ನಡೆದ ದಾಳಿ ಜಪಾನಿ ಕಡತದಲ್ಲಿ ಮಧ್ಯಾಹ್ನದ ಘಟನೆ.

ಇದಕ್ಕಿಂತ ಕೆಟ್ಟದ್ದು ಚಿಹ್ನೆಯ ಗೊಂದಲ. ನೌಕಾ ವರದಿಯಲ್ಲಿ ವಲಯ ‘ಮೈನಸ್ 9’ ಎಂದಿದ್ದರೆ, ಗ್ರೀನಿಚ್ ಸಮಯ ಪಡೆಯಲು ಬರೆದ ಸಮಯದಿಂದ 9 ಕಳೆಯಬೇಕು ಎಂದರ್ಥ. ಇಂದು ನಾವು ‘ಪ್ಲಸ್ 9’ ಎನ್ನುವ ವಲಯವೇ ಅದು. ಕಳೆಯುವ ಬದಲು ಕೂಡಿಸಿದರೆ 18 ಗಂಟೆಯ ವ್ಯತ್ಯಾಸ. ನೀರಿನ ಮೇಲೆ 12 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, 1,852 ಮೀಟರ್) ವೇಗದಲ್ಲಿ ಹೋಗುವ ಸಬ್‌ಮರೀನು ಅಷ್ಟರಲ್ಲಿ 216 ನಾಟಿಕಲ್ ಮೈಲಿ ಹೋಗಿರುತ್ತದೆ.

ನಮ್ಮ ದೇಶದ ಗಡಿಯಾರವೂ ಸಾಧುವಲ್ಲ. 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ ಭಾರತದ ಗಡಿಯಾರಗಳು ಒಂದು ಗಂಟೆ ಮುಂದಿದ್ದವು, ಗ್ರೀನಿಚ್‌ಗಿಂತ ಆರೂವರೆ ಗಂಟೆ. 1944ರ ಫೆಬ್ರುವರಿ 11ರಂದು ವಿಶಾಖಪಟ್ಟಣದ ಹೊರಗೆ ಭಾರತದ ಜಮ್ನಾ ಹಡಗು, ಆಸ್ಟ್ರೇಲಿಯಾದ ಲಾನ್ಸೆಸ್ಟನ್ ಮತ್ತು ಇಪ್ಸ್‌ವಿಚ್ ಸೇರಿ ಜಪಾನಿನ ಆರ್‌ಒ-110 ಸಬ್‌ಮರೀನನ್ನು ಮುಳುಗಿಸಿದವು. ಆ ದಿನದ ದಡದ ದಾಖಲೆಗೆ ಐದೂವರೆ ಗಂಟೆ ಕಳೆದವರ ಲೆಕ್ಕ ಶುರುವಿನಲ್ಲೇ ಒಂದು ಗಂಟೆ ತಪ್ಪುತ್ತದೆ.

ಘಾಜಿ ಮುಳುಗಿದ ದಿನಾಂಕ ಒಂದು ಕಡೆ ಡಿಸೆಂಬರ್ 3, ಇನ್ನೊಂದು ಕಡೆ 4 ಎಂದು ಇರುವುದಕ್ಕೂ ಗಡಿಯಾರದ ಪಾಲಿದೆ. ಸ್ಫೋಟ ಕೇಳಿದ್ದು ಭಾರತದ ಸಮಯ ಮಧ್ಯರಾತ್ರಿ 12:15ರ ಸುಮಾರಿಗೆ, ಅಂದರೆ 1971ರ ಡಿಸೆಂಬರ್ 4. ಅದೇ ಕ್ಷಣ ಕರಾಚಿಯಲ್ಲಿ 3ನೇ ತಾರೀಕು ರಾತ್ರಿ 11:45, ಗ್ರೀನಿಚ್‌ನಲ್ಲಿ 3ನೇ ತಾರೀಕು ಸಂಜೆ 6:45. ಹಾಗಾಗಿ ಎರಡನೇ ಅಂಕಣದಲ್ಲಿ ಎಲ್ಲವನ್ನೂ ಗ್ರೀನಿಚ್‌ಗೆ ಇಳಿಸಿ, ದಿನಾಂಕ ಬದಲಾದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ಜಾಗದ ಲೆಕ್ಕ

ಹಳೆಯ ವರದಿಗಳಲ್ಲಿ ಡಿಗ್ರಿ ಮತ್ತು ನಿಮಿಷ ಇರುತ್ತವೆ. 17 ಡಿಗ್ರಿ 41 ನಿಮಿಷವನ್ನು ಕಂಪ್ಯೂಟರಿಗೆ 17.41 ಎಂದು ಕೊಟ್ಟವರು ಕಡಿಮೆಯೇನಿಲ್ಲ. ಸರಿಯಾದದ್ದು 41ನ್ನು 60ರಿಂದ ಭಾಗಿಸಿ, 17.683. ವ್ಯತ್ಯಾಸ 16.4 ನಾಟಿಕಲ್ ಮೈಲಿ, 30 ಕಿಲೋಮೀಟರ್. ಶಿವಮೊಗ್ಗದಲ್ಲಿ ಬಿದ್ದ ಉಂಗುರವನ್ನು ಭದ್ರಾವತಿ ದಾಟಿ ಹುಡುಕಿದ ಹಾಗೆ. ಅಕ್ಷಾಂಶದ ಒಂದು ನಿಮಿಷ ಎಲ್ಲೆಡೆ ಹೆಚ್ಚುಕಡಿಮೆ 1,852 ಮೀಟರ್. ರೇಖಾಂಶದ ನಿಮಿಷ ಹಾಗಲ್ಲ. ವಿಶಾಖಪಟ್ಟಣದ ಹತ್ತಿರ ಸುಮಾರು 1,764, ಓಕಿನಾವಾದ ಹತ್ತಿರ ಸುಮಾರು 1,664 ಮೀಟರ್.

ಯು-ಬೋಟುಗಳ, ಅಂದರೆ ಜರ್ಮನ್ ಸಬ್‌ಮರೀನುಗಳ, ದಾಖಲೆಯಲ್ಲಿ ಅಕ್ಷಾಂಶವೇ ಇರುವುದಿಲ್ಲ. ಎರಡು ಅಕ್ಷರ, ನಾಲ್ಕು ಅಂಕಿಯ ಚೌಕದ ಸಂಕೇತ ಇರುತ್ತದೆ. ಅತಿ ಚಿಕ್ಕ ಚೌಕದ ಬದಿ 6 ನಾಟಿಕಲ್ ಮೈಲಿ. ಅದರ ನಡುವೆ ಚುಕ್ಕಿ ಇಟ್ಟರೆ ನಿಜವಾದ ಜಾಗ ನಾಲ್ಕು ಮೈಲಿಗೂ ಹೆಚ್ಚು ದೂರ ಇರಬಹುದು. ಆದ್ದರಿಂದ ಚುಕ್ಕಿ ಬೇಡ, ಚೌಕವನ್ನೇ ಎಳೆಯಿರಿ. ‘ಲೈಟ್‌ಹೌಸಿನಿಂದ ಇಷ್ಟು ಡಿಗ್ರಿ, 8 ಮೈಲಿ’ ಎಂಬ ಬಗೆಯ ವರದಿಯಲ್ಲಿ ಡಿಗ್ರಿ ನಿಜ ಉತ್ತರದಿಂದಲೋ ದಿಕ್ಸೂಚಿಯ ಉತ್ತರದಿಂದಲೋ ನೋಡಿ. ಭಾರತದ ಸುತ್ತ ಎರಡಕ್ಕೂ ವ್ಯತ್ಯಾಸ ಕಡಿಮೆ. 10 ಡಿಗ್ರಿ ವ್ಯತ್ಯಾಸ ಇರುವ ಸಮುದ್ರದಲ್ಲಾದರೆ 8 ಮೈಲಿಗೆ ಸುಮಾರು 1.4 ಮೈಲಿ ತಪ್ಪು.

ಅಂಕಿ ಸರಿಯಾಗಿ ಓದಿದ ಮಾತ್ರಕ್ಕೆ ಜಾಗ ಸರಿಯಾಗುವುದಿಲ್ಲ, ಬರೆದ ನಾವಿಕನಿಗೇ ತಾನೆಲ್ಲಿದ್ದೇನೆ ಎಂಬುದು ಅಂದಾಜು. ನಕ್ಷತ್ರ ನೋಡಿ ಸ್ಥಾನ ಹಿಡಿಯುವುದು ಮುಂಜಾವು, ಮುಸ್ಸಂಜೆಯಲ್ಲಿ ಮಾತ್ರ. ನಡುವೆ 14 ಗಂಟೆ ನೀರಿನಡಿ ಇದ್ದು, ಅರ್ಧ ನಾಟ್ ಸೆಳೆತ ಲೆಕ್ಕಕ್ಕೆ ಸಿಗದಿದ್ದರೆ 7 ನಾಟಿಕಲ್ ಮೈಲಿ ತೇಲಿಹೋಗಿರುತ್ತದೆ. 7 ಮೈಲಿ ತ್ರಿಜ್ಯದ ವೃತ್ತ ಎಂದರೆ ಸುಮಾರು 528 ಚದರ ಕಿಲೋಮೀಟರ್. ಸೋನಾರ್ ಯಂತ್ರ 3 ನಾಟ್ ವೇಗದಲ್ಲಿ, ಪ್ರತಿ ಸಾಲಿಗೂ 500 ಮೀಟರ್ ಹೊಸ ನೆಲ ನೋಡುತ್ತ ಹೋದರೆ ಗಂಟೆಗೆ ಸುಮಾರು 2.8 ಚದರ ಕಿಲೋಮೀಟರ್. ಬಿಡುವಿಲ್ಲದೆ 8 ದಿನ ಬೇಕು. ನೀವು ಸೋಮಾರಿತನದಿಂದ ತ್ರಿಜ್ಯವನ್ನು 14 ಮಾಡಿದರೆ ಅದೇ ಕೆಲಸ 32 ದಿನ. ಹಾಗೆಂದು ಆಸೆಗೆ ಬಿದ್ದು 3 ಮಾಡಿದರೆ ಸಬ್‌ಮರೀನು ವೃತ್ತದ ಹೊರಗೆ ಉಳಿಯುತ್ತದೆ. ಪ್ರತಿ ವೃತ್ತದ ಪಕ್ಕ ತ್ರಿಜ್ಯಕ್ಕೆ ಕಾರಣ ಬರೆಯಿರಿ: ಕೊನೆಯ ನಕ್ಷತ್ರ ಸ್ಥಾನ ಎಷ್ಟು ಗಂಟೆ ಹಳೆಯದು, ಸೆಳೆತ ಎಷ್ಟು. ಎರಡೂ ಕಡೆಯ ದಾಖಲೆಯ ವೃತ್ತಗಳು ಒಂದರ ಮೇಲೊಂದು ಬೀಳುವ ಭಾಗದಿಂದ ಹುಡುಕಾಟ ಆರಂಭ.

ಜೆಬ್ಕೊ ಆಳದ ನಕ್ಷೆಯಲ್ಲಿ ಸಬ್‌ಮರೀನು ಕಾಣುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಅದರ ಒಂದು ಚೌಕ ಸುಮಾರು 450 ಮೀಟರ್, ಸಬ್‌ಮರೀನಿನ ಉದ್ದ ಹೆಚ್ಚಾಗಿ ನೂರು ಮೀಟರೂ ಇಲ್ಲ. ಆಳ ಎಷ್ಟು, ಇಳಿಜಾರು ಹೇಗೆ ಎಂದು ತಿಳಿಯಲು ಮಾತ್ರ ಅದು.

ಅಧಿಕೃತ ಪಟ್ಟಿಯನ್ನು ಎಷ್ಟು ನಂಬಬೇಕು

ಜರ್ಮನಿಯ ಯು-869 ಮೊರಾಕೊದ ರಬಾತ್ ಬಳಿ ಮುಳುಗಿತು ಎಂದು ಯುದ್ಧಾನಂತರದ ಪಟ್ಟಿ ಹೇಳುತ್ತಿತ್ತು. 1945ರ ಫೆಬ್ರುವರಿ 28ರಂದು ಅಲ್ಲಿ ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬು) ಹಾಕಿದ್ದು ನಿಜ. ಈ ಸಬ್‌ಮರೀನಿಗೆ ನ್ಯೂಯಾರ್ಕ್ ಕಡೆಯಿಂದ ಜಿಬ್ರಾಲ್ಟರ್ ಕಡೆಗೆ ತಿರುಗಲು ಆದೇಶ ಹೋಗಿದ್ದೂ ನಿಜ. ಎರಡನ್ನೂ ಜೋಡಿಸಿ ಲೆಕ್ಕ ಮುಗಿಸಿದರು. ಆದರೆ 1991ರಲ್ಲಿ ನ್ಯೂಜೆರ್ಸಿಯ ಹೊರಗೆ ಸುಮಾರು 70 ಮೀಟರ್ ಆಳದಲ್ಲಿ ಹೆಸರಿಲ್ಲದ ಒಂದು ಯು-ಬೋಟ್ ಸಿಕ್ಕಿತು. ಒಳಗೆ ಸಿಕ್ಕ ಚಾಕುವಿನ ಹಿಡಿಯಲ್ಲಿ ಹೋರೆನ್‌ಬರ್ಗ್ ಎಂಬ ಹೆಸರಿತ್ತು. ಅವರು ಯು-869ರ ಸಿಬ್ಬಂದಿಯೇ. ಆದರೂ ಪಟ್ಟಿಯ ಭಾರ ಎಷ್ಟಿತ್ತೆಂದರೆ, 1997ರಲ್ಲಿ ಬಿಡಿಭಾಗದ ಪೆಟ್ಟಿಗೆಯ ಮೇಲೆ ಸಂಖ್ಯೆಯ ಫಲಕ ಸಿಗುವವರೆಗೆ ಗುರುತು ಖಚಿತವಾಗಲಿಲ್ಲ. ಅಷ್ಟರಲ್ಲಿ ಮೂವರು ಮುಳುಗುಗಾರರು ಆ ಹಡಗಿನ ಮೇಲೆ ಪ್ರಾಣ ಕಳೆದುಕೊಂಡಿದ್ದರು. ತಿರುಗುವ ಆದೇಶ ಸಬ್‌ಮರೀನಿಗೆ ತಲುಪಿರಲೇ ಇಲ್ಲ ಎಂಬುದೇ ಈಗಿನ ವಿವರಣೆ.

‘ಆದೇಶ ಕಳಿಸಿದರು’ ಮತ್ತು ‘ಆದೇಶ ಮುಟ್ಟಿತು’ ಪುಸ್ತಕದಲ್ಲಿ ಎರಡು ಬೇರೆ ಸಾಲು ಆಗಿರಬೇಕು. ಉತ್ತರ ಬಂದ ದಾಖಲೆ ಇಲ್ಲದಿದ್ದರೆ ಎರಡನೇ ಸಾಲು ಖಾಲಿ ಬಿಡಿ.

ಬದುಕಿ ಬಂದವರ ಹೇಳಿಕೆಯನ್ನೂ ಹಾಗೆ ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಪರ್ಸಿಯಸ್ ಸಬ್‌ಮರೀನು 1941ರ ಡಿಸೆಂಬರ್ 6ರಂದು ಗ್ರೀಸಿನ ಕೆಫಲೋನಿಯಾ ಬಳಿ ಮೈನ್‌ಗೆ ಸಿಕ್ಕು ಮುಳುಗಿತು. ಜಾನ್ ಕೇಪ್ಸ್ ಒಬ್ಬರೇ ತಪ್ಪಿಸಿಕೊಳ್ಳುವ ಬಾಗಿಲಿನಿಂದ ಹೊರಬಂದು ದಡ ಸೇರಿದರು. ಅಷ್ಟು ಆಳದಿಂದ ಬಂದದ್ದನ್ನು ಹಲವರು ನಂಬಲಿಲ್ಲ. ಕೇಪ್ಸ್ 1985ರಲ್ಲಿ ತೀರಿಕೊಂಡರು. 1997ರಲ್ಲಿ ಕೋಸ್ಟಾಸ್ ತೋಕ್ಟಾರಿಡಿಸ್ ತಂಡ 52 ಮೀಟರ್ ಆಳದಲ್ಲಿ ಪರ್ಸಿಯಸ್ ಕಂಡಾಗ ಆ ಬಾಗಿಲು ತೆರೆದೇ ಇತ್ತು.

ಗುರುತು ಹಿಡಿಯುವುದು

ಸೋನಾರ್ ಚಿತ್ರ ಪ್ರಕಟವಾಗಿದ್ದರೆ ಮೊದಲು ಉದ್ದ ಅಳೆಯಿರಿ. ಘಾಜಿಯಂಥ ಟೆಂಚ್ ವರ್ಗ 95 ಮೀಟರ್, ಆರ್‌ಒ-110ರ ವರ್ಗ ಸುಮಾರು 61, ಜರ್ಮನಿಯ 7-ಸಿ ಮಾದರಿ 67, ಎಇ-1 ಸುಮಾರು 55. ವಿಶಾಖಪಟ್ಟಣದ ಹೊರಗಿನ ಎರಡು ಸಬ್‌ಮರೀನುಗಳನ್ನು ಬೇರ್ಪಡಿಸಲು ಉದ್ದವೇ ಸಾಕು. ಮೂತಿ ಮುರಿದಿದ್ದರೆ ಅಥವಾ ಕೆಸರಿನಲ್ಲಿ ಹೂತಿದ್ದರೆ ಮಾತ್ರ ಉದ್ದ ಸುಳ್ಳು ಹೇಳುತ್ತದೆ. ಆಗ ನೆರಳಿನ, ಅಂದರೆ ವಸ್ತುವಿನ ಹಿಂದೆ ಸೋನಾರ್ ಶಬ್ದ ತಲುಪದ ಕಪ್ಪು ಪಟ್ಟಿಯ, ಸಹಾಯ ಪಡೆಯಿರಿ. ನೆರಳಿನ ಉದ್ದವನ್ನು ಯಂತ್ರದ ಎತ್ತರದಿಂದ ಗುಣಿಸಿ, ಯಂತ್ರದಿಂದ ನೆರಳಿನ ತುದಿಗಿರುವ ದೂರದಿಂದ ಭಾಗಿಸಿದರೆ ವಸ್ತುವಿನ ಎತ್ತರ ಬರುತ್ತದೆ. ಯಂತ್ರ ತಳದಿಂದ 30 ಮೀಟರ್ ಮೇಲಿದ್ದು, ನೆರಳು 20, ತುದಿಯ ದೂರ 120 ಆದರೆ ಎತ್ತರ 5 ಮೀಟರ್. ಕೊನೆಯದಾಗಿ ಪೆಟ್ಟಿನ ಜಾಗ. ಬಾಂಬು ಗೋಪುರದ ಹಿಂದೆ ಬಿತ್ತೆಂದು ಜಪಾನಿ ಕಡತ ಹೇಳಿತ್ತು, ಗ್ರೇಬ್ಯಾಕ್‌ನ ಫಿರಂಗಿ ಹಡಗಿನಿಂದ ಸುಮಾರು 400 ಅಡಿ ದೂರದಲ್ಲಿ ಪ್ರತ್ಯೇಕವಾಗಿ ಬಿದ್ದಿತ್ತು. ಉದ್ದ, ಫಿರಂಗಿಯ ಜಾಗ, ಪೆಟ್ಟಿನ ಜಾಗ, ಈ ಮೂರೂ ಕೂಡಿದರೆ ಮಾತ್ರ ಹೆಸರು ಬರೆಯಿರಿ. ಎರಡೇ ಆದರೆ ‘ಇರಬಹುದು’ ಎಂದಷ್ಟೇ.

ಜಾಗ ಸಿಕ್ಕಿತು ಅನ್ನಿಸಿದರೆ

ಫೇಸ್‌ಬುಕ್ಕಿಗೆ ಹಾಕಬೇಡಿ. ಅದು ಸತ್ತವರ ಸಮಾಧಿ, ಜೊತೆಗೆ ಗುಜರಿಯವರಿಗೆ ಸಾವಿರಾರು ಟನ್ ಲೋಹ. ಜಾವಾ ಸಮುದ್ರದಲ್ಲಿ ಡಚ್ಚರ ಡಿ ರೂಯ್ಟರ್ ಮತ್ತು ಜಾವಾ ಯುದ್ಧನೌಕೆಗಳು, ಅಮೆರಿಕದ ಪರ್ಚ್ ಸಬ್‌ಮರೀನು, ಇವು ಕಳ್ಳತನವಾಗಿ ಹೋಗಿವೆ ಎಂಬುದು 2016ರಲ್ಲಿ ಬೆಳಕಿಗೆ ಬಂತು. ಬ್ರಿಟನ್ನಿನ 1986ರ, ಅಮೆರಿಕದ 2004ರ ಕಾನೂನುಗಳು ತಮ್ಮ ಯುದ್ಧನೌಕೆಗಳ ಅವಶೇಷ ಕದಡುವುದನ್ನು ತಡೆಯುತ್ತವೆ, ಆದರೆ ದೂರದ ಸಮುದ್ರದಲ್ಲಿ ಕಾವಲು ಕಾಯುವವರು ಯಾರು? ಬರೆಯುವಾಗ ಅಕ್ಷಾಂಶ-ರೇಖಾಂಶದ ದಶಮಾಂಶ ತೆಗೆದು ಪೂರ್ಣ ಡಿಗ್ರಿ ಮಾತ್ರ ಕೊಡಿ. ಪೂರ್ತಿ ಅಂಕಿ ಹಡಗು ಯಾವ ದೇಶದ್ದೋ ಆ ನೌಕಾಪಡೆಯ ಇತಿಹಾಸ ವಿಭಾಗಕ್ಕೆ ಹೋಗಲಿ, ಭಾರತದ ನೀರಿನಲ್ಲಿದ್ದರೆ ನಮ್ಮ ನೌಕಾಪಡೆಗೂ. ಕಳಿಸುವ ಕಡತದಲ್ಲಿ ಮೂರು ಅಂಕಣದ ಪುಟಗಳ ಸ್ಕ್ಯಾನ್, ವೃತ್ತಗಳ ನಕ್ಷೆ, ಪ್ರತಿ ತ್ರಿಜ್ಯದ ಕಾರಣ, ಮೂಲ ದಾಖಲೆಯ ಪುಟ ಸಂಖ್ಯೆ ಇರಬೇಕು. ಹಿನ್ನೀರಿನ ಅಭ್ಯಾಸದಲ್ಲಿ ನಿಮ್ಮ ವಿಧಾನ ಎಷ್ಟು ಮೀಟರ್ ತಪ್ಪಿತ್ತು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಓದುವ ಅಧಿಕಾರಿ ಮೊದಲು ಕೇಳುವುದು ಅದನ್ನೇ.